ವಾಚ್‌ಮನ್ ಚೆನ್ನಾಗಿದ್ದಾನೆ

ಜೂನ್ 1, ಶನಿವಾರ, ಸಂಜೆ

ಬಕೆಟ್ಟಿಗೆ ಉಪ್ಪು ಹಾಕಿ ಕದಡಿದೆ. ಉಪ್ಪಿನಂಶ ಅಳೆಯುವ ಡಬ್ಬಿಯ ಮುಳ್ಳು ಹಸಿರು ಪಟ್ಟಿಯ ನಟ್ಟನಡುವೆ ನಿಂತಿತು. ಒಂದು ಕೂದಲೆಳೆ ಆ ಕಡೆ ಇಲ್ಲ, ಈ ಕಡೆ ಇಲ್ಲ. ಲಿಫ್ಟಿನ ಬ್ರೇಕು ಹೊಂದಿಸುವ ಕೈ, ಸುಮ್ಮನೆ ಅಲ್ಲ.

ಸಮುದ್ರದ ಮೀನು ಸಾಕಿದ ಗಾಜಿನ ತೊಟ್ಟಿಯ ನೀರು ಗೆರೆಯಿಂದ ಕೆಳಗಿಳಿದಿತ್ತು. ದಿನಾ ಇಳಿಯುತ್ತದೆ. ದಿನಾ ಒಂದು ಚೊಂಬು ಉಪ್ಪುನೀರು ಹಾಕಿ ಗೆರೆಗೆ ತರುತ್ತೇನೆ. 'ನಲ್ಲಿ ನೀರು ಮಾತ್ರ ಮುಟ್ಟಿಸ್ಬೇಡಿ ಸಾರ್' ಎಂದು ಮೀನಂಗಡಿಯವರು ಮೊದಲ ದಿನವೇ ಹೇಳಿದ್ದರು. ಮುಟ್ಟಿಸಿಲ್ಲ.

ನಾಳೆ ಪುಟ್ಟಿ ಬರುವ ಭಾನುವಾರ. ವಾರ ಬಿಟ್ಟು ವಾರ, ಹತ್ತರಿಂದ ಐದು. ಅವಳ ಅಮ್ಮನೂ ನಾನೂ ಬೇರೆಯಾದಾಗ ನನ್ನ ಪಾಲಿಗೆ ಬಂದದ್ದು ಅಷ್ಟು. ಮೊದಲೆಲ್ಲ ಸೋಫಾದ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ, ಡಾಕ್ಟರ ಹತ್ತಿರ ಸರದಿಗೆ ಕಾದವಳ ಹಾಗೆ. ತೊಟ್ಟಿ ತಂದ ಮೇಲೆ ಗಡಿಯಾರ ಮರೆತಿದ್ದಾಳೆ. ನನ್ನನ್ನು ನೋಡಲು ಬರುವುದಲ್ಲ, ಗೊತ್ತು. ಮೀನು ನೋಡಲು ಬರುತ್ತಾಳೆ. ಬರಲಿ... ಮೀನಿನ ನೆಪದಲ್ಲಾದರೂ ಬರಲಿ.

ಜೂನ್ 2, ಭಾನುವಾರ

ಪುಟ್ಟಿಯನ್ನು ಬಿಟ್ಟು ಬಂದೆ. ಮನೆ ಭಣಭಣ.

ಬೆಳಿಗ್ಗೆ ಚೆನ್ನಾಗಿತ್ತು. ಷೂ ಬಿಚ್ಚುವ ಮೊದಲೇ ತೊಟ್ಟಿಯ ಮುಂದೆ. ಸೀಗಡಿ ತನ್ನ ಬಿಲದಿಂದ ಮರಳು ಹೊತ್ತು ಹೊರಗೆ ಸುರಿಯುತ್ತಿತ್ತು. ಬಿಲದ ಬಾಯಲ್ಲಿ ಗೋಬಿ ಮೀನಿನ ಕಾವಲು. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಹೊರಗೆ ಬಂದಾಗಲೆಲ್ಲ ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ, ಸೀಗಡಿ ಸರಕ್ಕನೆ ಒಳಗೆ. ಮನೆ ಕಟ್ಟುವುದು ಅದು, ಕಾಯುವುದು ಇದು. ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ, ಜಗಳವಿಲ್ಲ. ಕಲಿಯಬೇಕಾದವರು ಕಲಿಯಲಿಲ್ಲ.

ಹೆಸರಿಟ್ಟವಳು ಪುಟ್ಟಿ. ಮೀನು ವಾಚ್‌ಮನ್, ಸೀಗಡಿ ಅಜ್ಜಿ. 'ಅಜ್ಜಿಗೆ ಕಣ್ಣೇ ಕಾಣಲ್ಲ, ಆದ್ರೂ ದಿನವಿಡೀ ಗುಡಿಸ್ತಾಳೆ ನೋಡು.' ಗೋಬಿ ಎಂದರೆ ತರಕಾರಿ ಎಂದುಕೊಂಡು ನಗುವ ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗ ಬೋಲ್ಟುವಿಗಿಂತ ಇವಳೇ ವಾಸಿ.

'ಅಪ್ಪ, ನೋಡು' ಎಂದಳು. ಪಂಪಿನ ಪೈಪು ಬಿಗಿಯುತ್ತಿದ್ದೆ. ನೋಡಿದೆ ಎಂದೆ. 'ಅಪ್ಪ, ಈಗ ನೋಡು, ಬಾಲ.' ಹೂಂ ಎಂದೆ.

ಆಮೇಲೆ ಕೆಲಸದ ಫೋನು. ಎಲ್ಲೋ ಲಿಫ್ಟು ಎರಡು ಮಹಡಿಯ ನಡುವೆ ನಿಂತಿದೆ. ಬಾಲ್ಕನಿಯಲ್ಲಿ ನಿಂತು ಬೋಲ್ಟುವಿಗೆ ಒಂದೊಂದೇ ಹೇಳಿಕೊಟ್ಟೆ. ಬಹಳ ಹೊತ್ತಾಯಿತು. ಒಳಗೆ ಬಂದಾಗ ಪುಟ್ಟಿ ಸೋಫಾದ ತುದಿಯಲ್ಲಿದ್ದಳು. ಮತ್ತೆ ಅದೇ ತುದಿ. ಊಟ ಬೇಡ, ನೀರೂ ಬೇಡ. ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡು ಕೂತವಳು ಲಿಫ್ಟಿನಲ್ಲಿ ಇಳಿಯುವಾಗಲೂ ಬಿಡಲಿಲ್ಲ.

'ಏನಾಯ್ತು ಪುಟ್ಟಿ?'

'ಏನಿಲ್ಲ.'

ಫೋನಿನಲ್ಲಿ ಕೂತದ್ದಕ್ಕೆ ಸಿಟ್ಟು. ನ್ಯಾಯವೇ. ಬಂದು ನೋಡಿದರೆ ತೊಟ್ಟಿಯ ಬಲೆ ಮುಚ್ಚಳ ಅಂಗೈಯಗಲ ಸರಿದಿತ್ತು. ಪೈಪು ಬಿಗಿಯುವಾಗ ನಾನೇ ಸರಿಸಿರಬೇಕು. ಮುಚ್ಚಿದೆ.

ಜೂನ್ 3, ಸೋಮವಾರ

ಕೆಲಸಕ್ಕೆ ಹೊರಡುವ ಮೊದಲು ನೋಡಿದೆ. ಬಿಲದ ಬಾಯಲ್ಲಿ ಯಾರೂ ಇಲ್ಲ. ಸಂಜೆ ಬಂದು ನೋಡಿದೆ. ಯಾರೂ ಇಲ್ಲ.

ಒಳಗಿರಬೇಕು. ವಾಚ್‌ಮನ್‌ಗೂ ವಾರದ ರಜೆ ಬೇಡವೇ.

ಜೂನ್ 4, ಮಂಗಳವಾರ

ಇಲ್ಲ. ಊಟ ಹಾಕಿದರೂ ಬರಲಿಲ್ಲ. ಅಜ್ಜಿಯೂ ಇಲ್ಲ. ಬಿಲದ ಬಾಯಿಗೆ ಒಳಗಿನಿಂದ ಕಲ್ಲು ಇಟ್ಟುಕೊಂಡಿದ್ದಾಳೆ.

ತೊಟ್ಟಿಯ ಹಿಂದೆ, ಸ್ಟ್ಯಾಂಡಿನ ಅಡಿ, ಸೋಫಾದ ಕೆಳಗೆ — ಟಾರ್ಚು ಹಿಡಿದು ಹೊಟ್ಟೆಯ ಮೇಲೆ ತೆವಳಿದೆ. ಸಿಕ್ಕಿದ್ದು ಒಂದು ಹೇರ್‌ಪಿನ್ನು, ಒಂದು ಬೋಲ್ಟು (ಕಬ್ಬಿಣದ್ದು), ಧೂಳು. ಈ ಜಾತಿ ಹಾರುತ್ತದೆ ಎಂದು ಅಂಗಡಿಯವರು ಎಚ್ಚರಿಸಿಯೇ ಮುಚ್ಚಳ ಕೊಟ್ಟಿದ್ದರು. ಹಾರಿದ್ದರೆ ನೆಲದ ಮೇಲೆ ಸಿಗಬೇಕಲ್ಲ. ಸಿಗಲಿಲ್ಲ. ಹಾಗಾದರೆ ಬಿಲದೊಳಗೇ ಇದ್ದಾನೆ. ಇರಬೇಕು. ಮೀನಿಗೇನು ರೆಕ್ಕೆಯೇ, ಕಿಟಕಿಯಿಂದ ಹೋಗಲು?

ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟು ಹೊರಡಬಾರದು — ಇದೇ ನನ್ನ ಹೊಟ್ಟೆಪಾಡು. ದಿನಾ ಹತ್ತು ಕಟ್ಟಡಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ಸಹಿ ಹಾಕುತ್ತೇನೆ. ಮನೆಯಲ್ಲಿ ಒಂದು ಮುಚ್ಚಳ ಮುಚ್ಚಲಾಗಲಿಲ್ಲ. ದೀಪದ ಬುಡ ಕತ್ತಲೆ.

ಜೂನ್ 6, ಗುರುವಾರ

ಮಧ್ಯಾಹ್ನ ಅವಳ ಅಮ್ಮನ ಫೋನಿನಿಂದ ಪುಟ್ಟಿಯ ಮೆಸೇಜು. ತಾನಾಗಿ ಮೆಸೇಜು ಮಾಡುವವಳೇ ಅಲ್ಲ.

'ವಾಚ್‌ಮನ್ ಹೇಗಿದಾನೆ?'

ಮೆಷಿನ್ ರೂಮಿನಲ್ಲಿ ನಿಂತು ಆ ಎರಡು ಪದ ನೋಡಿದೆ. ಇಲ್ಲ ಎಂದರೆ ಮುಂದಿನ ಸಲ ಬರಲು ಏನಿದೆ ಅವಳಿಗೆ ಇಲ್ಲಿ? ನಾನಿದ್ದೇನೆ. ನಾನು ಸಾಲುವುದಿಲ್ಲ.

'ಚೆನ್ನಾಗಿದ್ದಾನೆ. ಡ್ಯೂಟಿ ಮೇಲಿದ್ದಾನೆ' ಎಂದು ಕಳಿಸಿದೆ. ನಂಬಿಕೆ ಬರಲಿ ಎಂದು ಫೋನಿನಲ್ಲಿದ್ದ ಹಳೆಯ ವಿಡಿಯೋ ಒಂದನ್ನೂ ಜೊತೆಗೆ.

ಬಹಳ ಹೊತ್ತು ಬಿಟ್ಟು ಉತ್ತರ ಬಂತು. 'ಓಕೆ.'

ಅಬ್ಬ, ಗೆದ್ದೆ ಎಂದುಕೊಂಡೆ.

ಜೂನ್ 9, ಭಾನುವಾರ

ಮೀನಂಗಡಿಗೆ ಹೋದೆ. ಅದೇ ಹಳದಿ, ಅದೇ ಗಾತ್ರದ್ದು ಬೇಕು ಎಂದೆ. ವಾಚ್‌ಮನ್‌ನ ಬಾಲದ ತುದಿಯಲ್ಲಿ ಒಂದು ಸೀಳಿತ್ತು. ಅಂಥದ್ದು ಎಲ್ಲಿಂದ ತರಲಿ? ಇದ್ದುದರಲ್ಲೇ ಹತ್ತಿರದ್ದನ್ನು ಆರಿಸಿದೆ.

'ಹಳೇ ಸೀಗಡಿ ಇವನ ಜೊತೆ ಹೊಂದ್ಕೊಳ್ಳತ್ತಾ?'

'ಹೊಂದ್ಕೊಂಡ್ರೂ ಹೊಂದ್ಕೋಬಹುದು, ಇಲ್ಲದೇನೂ ಇರಬಹುದು. ಮನುಷ್ಯರಿದ್ದಂಗೇ ಸಾರ್. ಮೊದಲನೇದು ಏನಾಯ್ತು?'

'ಕಾಣಿಸ್ತಿಲ್ಲ.'

ಅವರು ಬೇರೇನೂ ಕೇಳದೆ ತೊಟ್ಟಿಯ ನೀರು ತಂದಿದ್ದೀರಾ ಎಂದರು. ಬಾಟಲಿಯಲ್ಲಿ ತಂದಿದ್ದೆ, ಹೊಸಬನನ್ನು ಹೊಂದಿಸಲು ಬೇಕಾಗುತ್ತದೆಂದು. ಅಳೆಯುವ ಡಬ್ಬಿಗೆ ಸುರಿದರು. ಮುಳ್ಳು ಹಸಿರು ಪಟ್ಟಿ ದಾಟಿ ಕೆಂಪಿನ ತುದಿಗೆ ಹೋಗಿ ಒರಗಿತು.

'ಏನ್ ಸಾರ್ ಇದು, ಉಪ್ಪಿನಕಾಯಿ ಹಾಕ್ತಿದೀರಾ?'

ಡಬ್ಬಿ ಕೆಟ್ಟಿದೆ ಎಂದೆ. ನಾನು ಪ್ರತಿ ಸಲವೂ ಅಳೆದೇ ಹಾಕುವವನು ಎಂದೆ.

'ಯಾವುದನ್ನ ಅಳೀತೀರಿ?'

'ಬಕೆಟ್ಟಿನ ನೀರು.'

'ತೊಟ್ಟಿ ನೀರು?'

ಬಾಯಿ ತೆರೆದೆ. ಮುಚ್ಚಿದೆ.

'ಆವಿಯಾಗೋದು ನೀರು ಮಾತ್ರ ಸಾರ್. ಉಪ್ಪು ಎಲ್ಲಿಗೂ ಹೋಗಲ್ಲ, ಅಲ್ಲೇ ಕೂತಿರುತ್ತೆ. ಇಳಿದಷ್ಟು ಶುದ್ಧ ಮಾಡಿದ ಸಿಹಿನೀರು ಹಾಕ್ಬೇಕು. ನೀವು ದಿನಾ ಉಪ್ಪುನೀರೇ ಹಾಕಿದೀರಿ. ಉಪ್ಪಿನ ಮೇಲೆ ಉಪ್ಪು.'

'ಅದಕ್ಕೇ ಹಾರಿತಾ?'

'ಇವು ನೀರು ಸರಿಯಿದ್ರೂ ಹಾರೋ ಜಾತಿ. ಹಿಂಗಿದ್ರೆ ಕೇಳ್ಲೇಬೇಡಿ. ಹಾರದೆ ಏನ್ ಮಾಡ್ತಾವೆ?'

ಎರಡು ತಿಂಗಳು. ದಿನಕ್ಕೊಂದು ಚೊಂಬು. ಕೂದಲೆಳೆ ಲೆಕ್ಕದಲ್ಲಿ ಅಳೆದು ಅಳೆದು, ನನ್ನ ಕೈಯಾರೆ. ವಾಚ್‌ಮನ್ ಗಾಜಿನ ಈಚೆಗೆ ಮುಖ ಮಾಡಿ ಬಾಯಿ ತೆರೆದು ಮುಚ್ಚುತ್ತಿದ್ದಾಗ ಪುಟ್ಟಿ, 'ಅಪ್ಪ, ಇವನು ಏನೋ ಹೇಳ್ತಿದಾನೆ' ಎಂದಿದ್ದಳು. ಮೀನುಗಳೆಲ್ಲ ಹಾಗೇ ಎಂದಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ತಿನ್ನಿಸಿದವನಿಗೆ ಏನು ಶಿಕ್ಷೆಯೋ.

ಜೂನ್ 13, ಗುರುವಾರ

ಸಿಹಿನೀರು ಸ್ವಲ್ಪ ಸ್ವಲ್ಪವೇ. ಒಂದೇ ಸಲ ಇಳಿಸಿದರೆ ಅದೂ ವಿಷವಂತೆ. ಈಗ ತೊಟ್ಟಿಯ ನೀರನ್ನೇ ಅಳೆಯುತ್ತೇನೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹೊಸಬ ತೊಟ್ಟಿಯ ಮೂಲೆಯಲ್ಲಿ ಪಂಪಿನ ಕೆಳಗೆ ಕೂತಿದ್ದಾನೆ. ಬಿಲದ ಕಡೆ ತಲೆ ಕೂಡ ಹಾಕಿಲ್ಲ. ಅಜ್ಜಿಯ ಸದ್ದಿಲ್ಲ. ಅವಳ ಇಕ್ಕಳದಂಥ ದೊಡ್ಡ ಮುಂಗಾಲು ಹೊಡೆದಾಗ 'ಟಕ್' ಎನ್ನುತ್ತದೆ. ಮೊದಲ ಸಲ ಕೇಳಿದಾಗ ಗಾಜು ಸೀಳಿತೆಂದು ಟವೆಲ್ಲು ಹಿಡಿದು ಓಡಿದ್ದೆ. ಈಗ ಆ ಸದ್ದಿಗೆ ಕಿವಿ ಆನಿಸಿ ಕೂರುತ್ತೇನೆ. ಬದುಕಿದ್ದಾಳೋ ಇಲ್ಲವೋ. ಕಲ್ಲು ತೆಗೆದು ನೋಡಲು ಕೈ ಬರುವುದಿಲ್ಲ.

ಜೂನ್ 16, ಭಾನುವಾರ

ಬರಲಿಲ್ಲ.

ಒಂಬತ್ತೂವರೆಗೆ ಅವಳ ಅಮ್ಮನ ಫೋನು. ಸ್ಕೂಲಿನದು ಏನೋ ಪ್ರಾಜೆಕ್ಟ್ ಇದೆಯಂತೆ. ಫೋನು ಅವಳಿಗೆ ಕೊಡು ಎಂದೆ. ಸ್ನಾನಕ್ಕೆ ಹೋಗಿದ್ದಾಳಂತೆ. ಹಿಂದಿನಿಂದ ಟಿವಿಯ ಸದ್ದು, ಅದರ ಮುಂದೆ ಯಾರೋ ಕೆಮ್ಮಿದ್ದು. ನನ್ನ ಮಗಳ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ?

ಮನೆ ಒರೆಸಿಟ್ಟಿದ್ದೆ. ಹೊಸಬನ ಬಗ್ಗೆ ಏನು ಹೇಳುವುದೆಂದು ಅಭ್ಯಾಸ ಕೂಡ ಮಾಡಿಕೊಂಡಿದ್ದೆ — ಬಾಲದ ಸೀಳು ವಾಸಿಯಾಯ್ತು ನೋಡು ಪುಟ್ಟಿ. ಒಂದು ಸುಳ್ಳಿಗೆ ಹತ್ತು ಸುಳ್ಳಿನ ಆಸರೆ.

ಜೂನ್ 19, ಬುಧವಾರ

ಡಾಕ್ಟರುಗಳ ಕಟ್ಟಡದ ಲಿಫ್ಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಸಿಕ್ಕಿಕೊಂಡಿದ್ದರು. ಕೇಬಲ್ಲಿನ ಸಮಸ್ಯೆ, ಬೇಗ ಆಗುವುದಲ್ಲ. ಬಾಗಿಲಿಗೆ ಬಾಯಿಟ್ಟು ನಮ್ಮ ಕಸುಬಿನ ಮಂತ್ರ ಹೇಳಿದೆ: 'ಗಾಬರಿಯಾಗ್ಬೇಡಿ ಅಮ್ಮ, ಎರಡೇ ನಿಮಿಷ.'

ಒಳಗಿನಿಂದ ತಣ್ಣಗಿನ ದನಿ. 'ಇದನ್ನೇ ಆಗಲೂ ಹೇಳಿದ್ರಿ. ಅರ್ಧ ಗಂಟೆ ಆಗತ್ತೆ ಅಂದ್ರೆ ಅರ್ಧ ಗಂಟೆ ಅನ್ನಿ. ಕೂತ್ಕೋತೀನಿ. ಎರಡು ನಿಮಿಷ ಅಂದ್ರೆ ನಿಂತೇ ಇರ್ಬೇಕಾಗತ್ತೆ.'

ಅರ್ಧ ಗಂಟೆ ಎಂದೆ. ಅವರು ಕೂತದ್ದು ಕೇಳಿಸಿತು. ಬೋಲ್ಟು ನಕ್ಕ. ನನಗೆ ನಗು ಬರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಪುಟ್ಟಿಗೆ ನಿಜ ಹೇಳಿಬಿಡಬೇಕು ಎಂದುಕೊಂಡೆ. ಮನೆ ತಲುಪುವಷ್ಟರಲ್ಲಿ ಧೈರ್ಯ ಇಳಿದಿತ್ತು.

ಜೂನ್ 30, ಭಾನುವಾರ

ಇವತ್ತೂ ಬರಲಿಲ್ಲ. ಜ್ವರವಂತೆ.

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಬೆಳಿಗ್ಗೆಯಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಹತ್ತಾಯಿತು, ಹನ್ನೊಂದಾಯಿತು. ನಮ್ಮ ಲಿಫ್ಟು ಮೇಲೆ ಬರುವ ಸದ್ದನ್ನು ಕಿವಿಯಲ್ಲೇ ಓದುತ್ತೇನೆ — ಮೂರರಲ್ಲಿ ನಿಂತಿತು, ಐದಕ್ಕೆ ಹೋಯಿತು. ನಾಲ್ಕರಲ್ಲಿ ಒಮ್ಮೆ ನಿಂತಿತು. ಓಡಿ ಬಾಗಿಲು ತೆರೆದೆ. ಪಕ್ಕದ ಮನೆಯ ಗ್ಯಾಸ್ ಸಿಲಿಂಡರ್ರು.

ಮಗಳು ಕೈ ಬಿಟ್ಟುಹೋಗುತ್ತಿದ್ದಾಳೆ. ಇದು ಮುಂದೆ ಹೇಗೆ ಹೋಗುತ್ತದೆಂದು ಕಾಣುತ್ತಿದೆ — ಪ್ರಾಜೆಕ್ಟು, ಜ್ವರ, ಪರೀಕ್ಷೆ, ಗೆಳತಿಯ ಮನೆ. ಆಮೇಲೆ ಕಾರಣ ಹೇಳುವುದೂ ನಿಂತುಹೋಗುತ್ತದೆ. ದೊಡ್ಡವಳಾದ ಮೇಲೆ ಎಲ್ಲೋ ರಸ್ತೆಯಲ್ಲಿ ಸಿಕ್ಕಿ ಚೆನ್ನಾಗಿದ್ದೀಯಾ ಅಪ್ಪ ಎನ್ನುತ್ತಾಳೆ. ಚೆನ್ನಾಗಿದ್ದೇನೆ ಎನ್ನುತ್ತೇನೆ.

ತಡೆಯಲಾಗುತ್ತಿಲ್ಲ. ತೊಟ್ಟಿಗೆ ಹಣೆ ಆನಿಸಿ ಅತ್ತೆ. ಮೂಲೆಯ ಮೀನು ಇನ್ನಷ್ಟು ಮೂಲೆಗೆ ಸರಿಯಿತು.

ಜುಲೈ 2, ಮಂಗಳವಾರ

ಪುಟ್ಟಿಯ ಅಮ್ಮ ಫೋನು ಮಾಡಿದಳು. ಮಾತು ಮರೆಯುವ ಮೊದಲು ಬರೆದುಕೊಳ್ಳುತ್ತೇನೆ.

'ಅವಳ ಜಾಮಿಟ್ರಿ ಬಾಕ್ಸಲ್ಲಿ ಒಂದು ಒಣಗಿದ ಮೀನಿದೆ. ಟಿಶ್ಯೂ ಸುತ್ತಿ ಇಟ್ಕೊಂಡಿದಾಳೆ. ಏನಿದು?'

ತೊಟ್ಟಿಯ ಮುಚ್ಚಳದ ಕಡೆ ತಿರುಗಿದೆ.

'ಕೇಳಿಸ್ತಾ? ಆವತ್ತು ಊಟ ಹಾಕಕ್ಕೆ ಮುಚ್ಚಳ ಸರಿಸಿದ್ಲಂತೆ, ಮುಚ್ಚೋದು ಮರ್ತಳಂತೆ. ನೀನು ಫೋನಲ್ಲಿದ್ದೆ. ನೋಡಿದ್ರೆ ನೆಲದ ಮೇಲೆ ಬಿದ್ದಿತ್ತಂತೆ. ನೀರಿಗೆ ಹಾಕಿದ್ಲಂತೆ, ಏಳಲಿಲ್ವಂತೆ. ಭಯಕ್ಕೆ ಬ್ಯಾಗಿಗೆ ಹಾಕ್ಕೊಂಡು ಬಂದಿದಾಳೆ.'

'ನಾನು ಬೈತಿದ್ನಾ?'

'ಬೈತೀಯ ಅಂತಲ್ಲ. ತಾನೇ ಸಾಯಿಸ್ದೆ ಅಂತ. ಹೇಳ್ಬಿಡೋಣ ಅಂತಲೇ ಆಮೇಲೆ ನಿಂಗೆ ಮೆಸೇಜ್ ಮಾಡಿದ್ದು. ಅಪ್ಪ ಇಲ್ಲ ಅಂದ ತಕ್ಷಣ ಹೇಳೋಣ ಅಂತ ಫೋನ್ ಹಿಡ್ಕೊಂಡು ಕೂತಿದ್ಲು. ನೀನು ಚೆನ್ನಾಗಿದಾನೆ ಅಂದೆ. ವಿಡಿಯೋ ಬೇರೆ ಕಳ್ಸಿದೆ. ಆ ವಿಡಿಯೋ ತೆಗೆದಿದ್ದೇ ಅವಳು, ನಿನ್ನ ಫೋನಲ್ಲಿ.'

ಆಮೇಲೆ ಅವಳು ಹೇಳಿದ್ದನ್ನೂ ಬರೆದಿಡುತ್ತೇನೆ. 'ಅಪ್ಪ ತೊಟ್ಟಿ ಕಡೆ ನೋಡೋದೇ ಇಲ್ಲ ಅಂತಾಳೆ. ಮೀನು ಸತ್ತು ತಿಂಗಳಾದ್ರೂ ಅಪ್ಪಂಗೆ ಗೊತ್ತಾಗಿಲ್ಲ, ನಾನು ಹೋಗದಿದ್ರೂ ಗೊತ್ತಾಗಲ್ಲ ಅಂದ್ಲು.'

ತೊಟ್ಟಿಯ ಮುಂದೆ, ನೆಲದ ಮೇಲೆ ಕೂತೆ.

'ಒಂದು ಹೇಳು' ಎಂದಳು. 'ನಿಜವಾಗ್ಲೂ ನೋಡಿರ್ಲಿಲ್ವಾ, ಇಲ್ಲಾ ಸುಳ್ಳು ಹೇಳ್ದೆಯಾ?'

'ಸುಳ್ಳು ಹೇಳ್ದೆ. ಮಾರನೇ ದಿನದಿಂದ್ಲೇ ಗೊತ್ತಿತ್ತು.'

ಅವಳು ಉಸಿರು ಬಿಟ್ಟದ್ದು ಕೇಳಿಸಿತು. 'ಹಂಗಾದ್ರೆ ಅದನ್ನ ಅವಳಿಗೆ ಹೇಳು. ನೋಡ್ಲೇ ಇಲ್ಲ ಅನ್ನೋದಕ್ಕಿಂತ ಸುಳ್ಳೇ ವಾಸಿ.'

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ಪರವಾಗಿ ಆಡಿದ ಮಾತು ಇದೊಂದೇ ಇರಬೇಕು. ಅವಳು ಬೇರೆಯಾಗುವಾಗ ನನಗೆ ಹೇಳಿದ್ದೂ ಇದನ್ನೇ ಅಲ್ಲವೇ — ಕೆಟ್ಟಿದ್ದನ್ನೆಲ್ಲ ರಿಪೇರಿ ಮಾಡ್ತೀಯ, ಏನನ್ನೂ ನೋಡಲ್ಲ. ಆಗ ಜಗಳದ ಬಾಯಿ ಎಂದುಕೊಂಡಿದ್ದೆ.

ಜುಲೈ 3, ಬುಧವಾರ, ಬೆಳಿಗ್ಗೆ

ಹತ್ತು ಸಲ ಬರೆದೆ, ಅಳಿಸಿದೆ. ಕೊನೆಗೆ ಅವಳ ಅಮ್ಮನ ಫೋನಿಗೆ ಇಷ್ಟು ಕಳಿಸಿದೆ:

'ಪುಟ್ಟಿ, ವಾಚ್‌ಮನ್ ಇಲ್ಲ ಅಂತ ನಂಗೆ ಮೊದಲಿಂದ ಗೊತ್ತಿತ್ತು. ದಿನಾ ಹುಡುಕಿದೆ. ನೀನು ಬರೋದು ನಿಲ್ಲಿಸ್ತೀಯ ಅಂತ ಸುಳ್ಳು ಹೇಳ್ದೆ. ನೀರಲ್ಲಿ ಉಪ್ಪು ಜಾಸ್ತಿ ಮಾಡಿದ್ದು ನಾನು. ಬಂದ್ರೆ ತೋರಿಸ್ತೀನಿ. ಎರಡು ಭಾನುವಾರ ನೀನು ಬರಲಿಲ್ಲ. ಗೊತ್ತಾಯ್ತು. ತುಂಬಾ ಗೊತ್ತಾಯ್ತು.'

ಮೆಸೇಜಿನ ಕೆಳಗೆ ನೀಲಿ ಗುರುತು ಬಂತು. ಓದಿದ್ದಾಳೆ.

ಜುಲೈ 5, ಶುಕ್ರವಾರ

ಉತ್ತರ ಇಲ್ಲ.

ಜುಲೈ 9, ಮಂಗಳವಾರ

ಉತ್ತರ ಇಲ್ಲ. ಬೋಲ್ಟು ಇವತ್ತು ಸ್ಪ್ಯಾನರು ಕಸಿದುಕೊಂಡ. 'ಅಣ್ಣ, ಅದೇ ನಟ್ಟನ್ನ ಮೂರನೇ ಸಲ ಬಿಗೀತಿದೀಯ. ಹೋಗಿ ಕೂತ್ಕೋ.' ಅವನಿಗೆ ಎಲ್ಲ ಹೇಳಿದೆ. ತರಕಾರಿ ಮೀನಿನ ಹಾಸ್ಯ ಮಾಡಲಿಲ್ಲ. ಟೀ ತಂದುಕೊಟ್ಟು ಪಕ್ಕದಲ್ಲಿ ಕೂತ.

ಮುಳ್ಳು ಹಸಿರಿಗೆ ಬಂದಿದೆ. ಬಿಲದ ಕಲ್ಲು ಹಾಗೇ ಇದೆ. ನೀರು ಸರಿಹೋಯಿತು, ಉಳಿದದ್ದು ಯಾವುದೂ ಅಲ್ಲ.

ಜುಲೈ 14, ಭಾನುವಾರ

ಬಂದಿದ್ದಾಳೆ. ಈಗ ತೊಟ್ಟಿಯ ಮುಂದೆ ಕೂತಿದ್ದಾಳೆ. ನಾನು ಊಟದ ಮೇಜಿನಲ್ಲಿ. ಪಕ್ಕದಲ್ಲಿ ಹೋಗಿ ಕೂರಲು ಭಯ, ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲಲ್ಲೇ ಜಾಮಿಟ್ರಿ ಬಾಕ್ಸು ಚಾಚಿದಳು. ತೆರೆದೆ. ಕಂಪಾಸಿನ ಪಕ್ಕ, ಒಣಗಿದ ಎಲೆಯಷ್ಟು. ಬಾಲದ ಸೀಳು ಹಾಗೇ ಇತ್ತು.

ಅಳೆಯುವ ಡಬ್ಬಿ ತಂದು ತೋರಿಸಿದೆ. ಬಕೆಟ್ಟಿನ ನೀರು ಅಳೆದದ್ದು, ತೊಟ್ಟಿಯದು ಅಳೆಯದೇ ಹೋದದ್ದು, ಮುಳ್ಳು ಎಲ್ಲಿಗೆ ಹೋಗಿ ನಿಂತಿತ್ತು ಎಂಬುದು, ಎಲ್ಲ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಕೇಳಿದಳು.

'ಹಂಗಾದ್ರೆ ನಾನಲ್ವಾ?'

ನೀನಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭ. ಎರಡೇ ನಿಮಿಷ ಎಂದ ಹಾಗೆ.

'ಮುಚ್ಚಳ ನೀನು ತೆಗ್ದಿದ್ದೆ. ನೀರು ನಾನು ಕೆಡಿಸಿದ್ದೆ. ಯಾವುದಕ್ಕೆ ಹೋಯ್ತೋ ನಂಗೂ ಗೊತ್ತಿಲ್ಲ ಪುಟ್ಟಿ.'

ಆಗ ಅತ್ತಳು. ತಿಂಗಳಿಗೂ ಮೀರಿ ಹೊತ್ತಿದ್ದನ್ನು ಒಂದೇ ಸಲ ಅತ್ತಳು. ನನ್ನ ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಅವಳೇ ಮುಖವನ್ನು ನನ್ನ ಅಂಗಿಗೆ ಒರೆಸಿದಳು. ಬಾಲ್ಕನಿಯ ಕುಂಡದಲ್ಲಿ ವಾಚ್‌ಮನ್‌ನನ್ನು ಮಣ್ಣು ಮಾಡಿದೆವು.

'ಈ ಮೂಲೇಲಿರೋನು ಯಾರು?'

'ಹೊಸಬ. ವಾಚ್‌ಮನ್ ಅಂತ ನಿಂಗೆ ಟೋಪಿ ಹಾಕೋಣ ಅಂತ ತಂದಿದ್ದೆ.'

'ಬಾಲ ನೋಡಿದ್ರೇ ಗೊತ್ತಾಗತ್ತೆ.' ಬಿಲದ ಕಡೆ ಬೆರಳು ತೋರಿಸಿ, 'ಅಜ್ಜಿ?'

'ಗೊತ್ತಿಲ್ಲ. ಆವತ್ತಿಂದ ಬಂದಿಲ್ಲ. ಇದಾಳೋ ಇಲ್ವೋ.'

ಹೂಂ ಎಂದು ಕೂತಳು. ಊಟವೂ ತಟ್ಟೆ ಹಿಡಿದು ಅಲ್ಲೇ. ಮುಂದಿನ ಸಲ ಬರುತ್ತೀಯಾ ಎಂದು ಕೇಳಿಲ್ಲ. ಕೇಳಿದರೆ ಏನು ಹೇಳುತ್ತಾಳೋ. ಅವಳು ಬರದೇಹೋದರೆ ಈ ತೊಟ್ಟಿ, ಈ ಮನೆ, ಈ ನಾನು

ಫೋನು ಹೊಡೆದುಕೊಳ್ಳುತ್ತಿದೆ. ಕೆಲಸದ್ದು. ಆಫ್ ಮಾಡಿದೆ. ಬೋಲ್ಟು ನೋಡಿಕೊಳ್ಳಲಿ.

ಕರೆಯುತ್ತಿದ್ದಾಳೆ. ಗಾಜಿನಿಂದ ಕಣ್ಣು ತೆಗೆಯದೆ, ಪಿಸುದನಿಯಲ್ಲಿ. 'ಅಪ್ಪ. ಕಲ್ಲು ಅಲ್ಲಾಡ್ತು.'

ಬಂದೆ ಎಂದೆ, ಈ ಸಾಲು ಮುಗಿಸಿ

'ಆಮೇಲೆ ಬರ್ಕೋ ಅಪ್ಪ. ಈಗ ನೋ